ಆಸ್ಪತ್ರೆ ಹತ್ತಿರ, ಮದ್ದು ದೂರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ನಮ್ಮ ಸನತ್‌ನಗರದ ಆಸ್ಪತ್ರೆಗಳ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಾರ್ಖಾನೆಗಳ ಈ ಬಡಾವಣೆಯಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ, 2016ರಿಂದ ಅದರೊಡನೆ ವೈದ್ಯಕೀಯ ಕಾಲೇಜೂ ಇದೆ. 2018ರಲ್ಲಿ ಆರಂಭವಾದ ಬಸ್ತಿ ದವಾಖಾನೆಗಳು ನಗರದ ಬಡ ವಸತಿಗಳಲ್ಲಿ ಹಣ ಕೇಳದೆ ಮದ್ದು ಕೊಡುತ್ತವೆ. ಇಷ್ಟಿದ್ದರೂ ರಾಯಚೂರು, ಯಾದಗಿರಿ, ಕಲಬುರ್ಗಿ, ಬೀದರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಜನ ಮೈಯಲ್ಲಿ ಜ್ವರವಿಟ್ಟುಕೊಂಡೇ ಇಟ್ಟಿಗೆ ಹೊರುವುದನ್ನು ನಾವು ಕಾಣುತ್ತೇವೆ.

ಇದಕ್ಕೆ ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ಸುಲಭ. ನಮ್ಮ ಅಭಿಪ್ರಾಯ ಹಾಗಿಲ್ಲ. ಬಸ್ತಿ ದವಾಖಾನೆ ತೆರೆದಿರುವುದು ಹಗಲಿನಲ್ಲಿ. ಕೂಲಿ ಸಿಗುವುದೂ ಹಗಲಿನಲ್ಲಿಯೇ. ಮದ್ದಿಗೆ ಬೆಲೆಯಿಲ್ಲದಿರಬಹುದು, ಆದರೆ ದಿನಕ್ಕೆ ಬೆಲೆಯುಂಟು. ಸಾಲಿನಲ್ಲಿ ಅರ್ಧ ದಿನ ನಿಂತರೆ ಸಂಜೆಯ ಅಕ್ಕಿಗೆ ಏನು ಗತಿ ಎಂದು ಯೋಚಿಸುವವನು ಅಜ್ಞಾನಿಯಲ್ಲ, ಲೆಕ್ಕ ಬಲ್ಲವನು.

ಈ ಲೆಕ್ಕವನ್ನು ದೊಡ್ಡವರೂ ಅರಿತಿದ್ದರು. ಪ್ರೊಫೆಸರ್ ಬಿ. ಪಿ. ಅದಾರ್ಕರ್ ಅವರು 1944ರಲ್ಲಿ ಕಾರ್ಮಿಕರ ಆರೋಗ್ಯವಿಮೆಯ ಬಗ್ಗೆ ವರದಿಯನ್ನೊಪ್ಪಿಸಿದರು. 1948ರಲ್ಲಿ ಇ.ಎಸ್.ಐ. ಕಾಯಿದೆಯಾಯಿತು, 1952ರ ಫೆಬ್ರವರಿ 24ರಂದು ಪಂಡಿತ ನೆಹರೂ ಅವರು ಕಾನ್ಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. ಇದರ ಹಿರಿಮೆ ಮದ್ದು ಕೊಡುವುದಷ್ಟೇ ಅಲ್ಲ. ಕಾಯಿಲೆಯಿಂದ ಕೆಲಸ ತಪ್ಪಿದ ದಿನಗಳಿಗೆ, ವರುಷಕ್ಕೆ 91 ದಿನಗಳವರೆಗೆ, ಕೂಲಿಯ ನೂರಕ್ಕೆ 70 ಪಾಲನ್ನು ಕೊಡುವ ನಿಯಮವೂ ಇದೆ. ತಿಂಗಳ ಸಂಬಳದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಲಾಯಿತು.

ಆದರೆ ಇದಕ್ಕೆಲ್ಲ ಪುಸ್ತಕದಲ್ಲಿ ಹೆಸರಿರಬೇಕು. ಮೇಸ್ತ್ರಿಯ ಬಾಯಿಮಾತಿನ ಮೇಲೆ ಕೆಲಸ ಮಾಡುವ ಆಳಿಗೆ ಯಾವ ಪುಸ್ತಕ? ಕಟ್ಟಡ ಕಾರ್ಮಿಕರಿಗಾಗಿ ಬೇರೆ ಕಲ್ಯಾಣ ಮಂಡಳಿಯುಂಟು. 18 ರಿಂದ 60 ವರುಷದೊಳಗಿದ್ದು, ಹಿಂದಿನ ವರುಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅಲ್ಲಿ ಹೆಸರು ಬರೆಸಬಹುದು. ಹೆರಿಗೆಗೂ ಅಪಘಾತಕ್ಕೂ ಅಲ್ಲಿಂದ ನೆರವು ದೊರೆಯುತ್ತದೆ. ಬರೆಸಲು ಹೋದರೆ ಆಧಾರದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಪಾಸುಬುಕ್ಕು ಊರಿನ ಪೆಟ್ಟಿಗೆಯಲ್ಲಿ!

ಮಾತಿನ ತೊಡಕು ಬೇರೆ. ಡಾಕ್ಟರು ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ನಮ್ಮ ತಾಯಿ "ಎದಿ ಉರಿತೈತ್ರಿ, ಕಣ್ಣಿಗೆ ಕತ್ತಲಿ ಬರತೈತಿ" ಎನ್ನುತ್ತಾಳೆ. ಹೆಂಗಸರ ಕಾಯಿಲೆಯನ್ನು ಹತ್ತು ವರುಷದ ಮಗನ ಬಾಯಲ್ಲಿ ಹೇಳಿಸಬೇಕಾದರೆ ಯಾವ ತಾಯಿ ಹೇಳಿಯಾಳು?

ಈ ಅಡ್ಡಿಗಳು ಪ್ರಾಣಕ್ಕೇ ಎರವಾಗುವುದು ಕ್ಷಯರೋಗದಲ್ಲಿ. ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಗುಳಿಗೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಡುವವರುಂಟು. ಬಿತ್ತನೆಗೆಂದು ಊರಿಗೆ ಹೋಗಿ ಬಿಡುವವರೂ ಉಂಟು. ಅರ್ಧಕ್ಕೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಷ್ಟು ಬಲಿಯಬಹುದು. ಹೊರಡುವ ಮುನ್ನ ಆಸ್ಪತ್ರೆಯಲ್ಲಿ ತಿಳಿಸಿದರೆ ಚಿಕಿತ್ಸೆಯನ್ನು ಊರಿನ ಸರಕಾರಿ ಆಸ್ಪತ್ರೆಗೆ ವರ್ಗ ಮಾಡಿಕೊಡುತ್ತಾರೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿದ್ದಾರೆ. ಅದು ಬ್ಯಾಂಕಿಗೆ ಬರುವ ಹಣ. ಮತ್ತೆ ಪಾಸುಬುಕ್ಕಿನ ಮಾತೇ ಬಂತು.

ಇಂಥ ಅಡ್ಡಿಗಳನ್ನು ಇದ್ದ ಜಾಗದಲ್ಲೇ ತೆಗೆಯಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾಕ್ಟರಾಗಿ ನೆಲೆಸಿದ ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಬರಿಯ ಗುಳಿಗೆಯಿಂದ ಆರೋಗ್ಯ ಬಾರದೆಂದು ಅವರು ಕಂಡುಕೊಂಡರು. ಚಿಕಿತ್ಸೆಯ ಜೊತೆಗೆ ಶಾಲೆ ಬಂತು, ಕಸುಬಿನ ತರಬೇತಿ ಬಂತು, ಕಾಡಿನ ಹಕ್ಕಿನ ಮಾತು ಬಂತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಸನತ್‌ನಗರ ಬೆಟ್ಟವಲ್ಲ, ನಾವು ಡಾಕ್ಟರರೂ ಅಲ್ಲ. ಗುಮಾಸ್ತರಾದ ನಮಗೆ ಬರುವ ವಿದ್ಯೆ ಫಾರಮು ತುಂಬುವುದು. ಆದರೆ ಇಲ್ಲಿ ಬೇಕಾದುದೂ ಅದೇ! ಆದ್ದರಿಂದ ಸಂಘದ ಬಂಧುಗಳ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಭಾನುವಾರ ಬೆಳಿಗ್ಗೆ ಬರೆಯಬಲ್ಲ ಇಬ್ಬರು ಒಂದೆಡೆ ಕುಳಿತು ಹೆಸರುಗಳನ್ನು ಸರಿಪಡಿಸಿ ಅರ್ಜಿಗಳನ್ನು ತುಂಬಿಕೊಡಲಿ. ತೆಲುಗು ಬಲ್ಲ ನಮ್ಮ ಅಕ್ಕತಂಗಿಯರು ಸರದಿಯಂತೆ ರೋಗಿಗಳಾದ ಹೆಂಗಸರ ಜೊತೆ ಆಸ್ಪತ್ರೆಗೆ ಹೋಗಲಿ. ರಾಜ್ಯೋತ್ಸವದ ಚಂದಾದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ತೀರಾ ಕಷ್ಟದಲ್ಲಿರುವವರಿಗೆ ಕೊಡೋಣ.

ಮೂರನೆಯದಕ್ಕೆ ಆಕ್ಷೇಪಣೆ ಬಂದೀತು. ದಾನದಿಂದ ಜನ ಸೋಮಾರಿಗಳಾಗುತ್ತಾರೆಂದು ಕೆಲವರು ಹೇಳಬಹುದು. ಸಂಬಳದ ನೌಕರರಾದ ನಮಗೆ ಕಾಯಿಲೆಯ ರಜೆಯುಂಟು. ಅದನ್ನು ಯಾರೂ ದಾನವೆನ್ನುವುದಿಲ್ಲ. ನಾವಿರುವ ಮನೆಯ ಗೋಡೆ ಕಟ್ಟಿದವನಿಗೆ ಒಂದು ದಿನದ ರಜೆಯನ್ನು ನಾವೇ ಕೊಟ್ಟರೆ ತಪ್ಪೇನು? ಸಂಘದ ಮುಂದಿನ ಸಭೆಯಲ್ಲಿ ಈ ಮಾತು ಚರ್ಚೆಗೆ ಬರಲೆಂದು ಕೋರುತ್ತೇವೆ.