ರಕ್ತನಾಳದ ಅನ್ನವೂ ಔಷಧತಜ್ಞರೂ

ಕರುಳಿನ ಶಸ್ತ್ರಚಿಕಿತ್ಸೆಗೊಳಗಾಗಿ ಗುಟುಕು ಗಂಜಿಯನ್ನೂ ಸೇವಿಸಲಾರದ ರೋಗಿಗೆ ರಕ್ತನಾಳದ ಮೂಲಕವೇ ಪೂರ್ಣಾಹಾರವನ್ನೀಯಬಹುದೆಂಬುದನ್ನು 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತವರ ಸಂಗಡಿಗರು ಸಾಧಿಸಿ ತೋರಿಸಿದರು. ಆದರೆ ಆ ಆಹಾರದ್ರವವನ್ನು ತುಂಬಿದ ಚೀಲದೊಳಗೆ ಕ್ಯಾಲ್ಸಿಯಂ ಹಾಗೂ ಫಾಸ್ಫೇಟುಗಳು ಪ್ರಮಾಣ ಮೀರಿ ಕೂಡಿದರೆ ಹರಳುಗಟ್ಟಿ, ಅದೇ ಮಿಶ್ರಣದಲ್ಲಿರುವ ಮೇದಸ್ಸಿನ ಹಾಲುಬಿಳುಪಿನ ಮರೆಯಲ್ಲಿ ಕಣ್ಣಿಗೆ ಬೀಳದೆ, ಶ್ವಾಸಕೋಶದ ಸೂಕ್ಷ್ಮನಾಳಗಳನ್ನೇ ಮುಚ್ಚಬಲ್ಲವು. ಇಂತಹ ಸಾವುಗಳು ಸಂಭವಿಸಿದ ಮೇಲೆಯೇ 1994ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಕೆಯನ್ನು ಹೊರಡಿಸಿತು. ಈ ಲೆಕ್ಕವನ್ನು ಬಲ್ಲವರು, ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಸಕ್ಕರೆಯನ್ನು ಹರಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವೊದಗೀತೆಂದರಿತು ದಿನದಿನದ ರಕ್ತಪರೀಕ್ಷೆಗನುಸಾರವಾಗಿ ಮಿಶ್ರಣವನ್ನು ತಿದ್ದಬಲ್ಲವರು, ಚಿಕಿತ್ಸಾ ಔಷಧತಜ್ಞರು. ನಮ್ಮಲ್ಲಿಯೂ 2008ರ ನಿಯಮಾವಳಿಯಂತೆ ಆರು ವರ್ಷ ಔಷಧಶಾಸ್ತ್ರದ ಫಾರ್ಮ್-ಡಿ ವ್ಯಾಸಂಗ ಮಾಡಿದವರು ಹೊರಬರುತ್ತಿರುವಾಗ, ಅವರನ್ನು ಮಾತ್ರೆ ಎಣಿಸುವ ಕಿಟಕಿಯ ಹಿಂದೆಯೇ ನಿಲ್ಲಿಸುವುದು ನಮ್ಮ ಮಟ್ಟಿಗೆ ಅಕ್ಷಮ್ಯ. ಶಸ್ತ್ರವೈದ್ಯರ ಬೆಳಗಿನ ರೌಂಡ್ಸಿನಲ್ಲಿ ಅವರಿಗೊಂದು ಸ್ಥಾನ ದೊರೆಯಲೇಬೇಕು.