ಇಸ್ರೊಗೆ ಅವಕೆಂಪಿನ ಕಣ್ಣೂ ಬೇಕು

ಅಮಾವಾಸ್ಯೆಯ ದಿನ ಉಕ್ಕಡಗಾತ್ರಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದಾವಣಗೆರೆ ಪೇಟೆಯಲ್ಲೂ ದಿನಾ ಬೇಕಾದಷ್ಟು ಜನ. ಅದನ್ನು ಯಾರೂ ಜಾತ್ರೆ ಎನ್ನುವುದಿಲ್ಲ. ಊರು ದೊಡ್ಡದು, ಜನವೂ ಹೆಚ್ಚು, ಅಷ್ಟೇ. ತುಂಗಭದ್ರೆ ದಂಡೆಯ ಪುಟ್ಟ ಊರಿಗೆ ಅಜ್ಜಯ್ಯನ ಗದ್ದುಗೆಗೆಂದು ಜನ ಮುಗಿಬಿದ್ದರೆ ಮಾತ್ರ ಅದು ಊರಿನ ಅಳತೆ ಮೀರಿದ್ದು. ಹರಿಹರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಗ್ಯಾಲಕ್ಸಿಗಳನ್ನೂ ಹೀಗೇ ಅಳೆಯಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದೆ.

ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ನಕ್ಷತ್ರವಾಗುತ್ತದೆ. ಸಪ್ತರ್ಷಿ ಮಂಡಲದ ದಿಕ್ಕಿಗಿರುವ, 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಗ್ಯಾಲಕ್ಸಿ ಇದಕ್ಕಿಂತ ಬಹಳ ಚಿಕ್ಕದು. ನಕ್ಷತ್ರ ಹುಟ್ಟಿಸುವ ವೇಗ ಮಾತ್ರ ಹಲವು ಪಟ್ಟು. ಇಂಥವೇ ಸ್ಟಾರ್‌ಬರ್ಸ್ಟ್ ಗ್ಯಾಲಕ್ಸಿಗಳು.

ನಕ್ಷತ್ರ ಹುಟ್ಟುವ ಕಡೆಯೇ ದೂಳೂ ದಟ್ಟ. ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕನ್ನು ದೂಳು ನುಂಗಿ, ಕಾದು, ಅವಕೆಂಪಾಗಿ ಹೊರಬಿಡುತ್ತದೆ. 1983ರಲ್ಲಿ ಐರಾಸ್ ಎಂಬ ಅವಕೆಂಪು ಉಪಗ್ರಹ ಹಾರಿದ ಮೇಲೆಯೇ ಈ ಗುಟ್ಟು ದೊಡ್ಡದಾಗಿ ಬಯಲಾಯಿತು. ಮಾಮೂಲಿ ದೂರದರ್ಶಕದಲ್ಲಿ ಮಂಕಾಗಿ ಕಾಣುವ ಆರ್ಪ್ 220 ಗ್ಯಾಲಕ್ಸಿ ಅವಕೆಂಪಿನಲ್ಲಿ ಲಕ್ಷ ಕೋಟಿ ಸೂರ್ಯರನ್ನೂ ಮೀರಿಸುತ್ತದೆ!

ಹಾಗೆಂದು ಹೊಳೆದದ್ದೆಲ್ಲ ಸ್ಟಾರ್‌ಬರ್ಸ್ಟ್ ಅಲ್ಲ. ಸಾವಿರ ಕೋಟಿ ವರ್ಷಗಳ ಹಿಂದೆ ಅನಿಲ ಹೇರಳವಾಗಿತ್ತು; ಸಾಧಾರಣ ಗ್ಯಾಲಕ್ಸಿಗಳೂ ಹಾಗೆಯೇ ಹೊಳೆಯುತ್ತಿದ್ದವು. 2011ರಲ್ಲಿ ಡೇವಿಡ್ ಎಲ್ಬಾಜ್ ತಂಡ ಹರ್ಷಲ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಿಂದ ಒಂದು ಒರೆಗಲ್ಲು ಕೊಟ್ಟಿತು: ಒಟ್ಟು ಅವಕೆಂಪು ಬೆಳಕನ್ನು 8 ಮೈಕ್ರಾನ್ ತರಂಗಾಂತರದ ಬೆಳಕಿಗೆ ಹೋಲಿಸಿ ನೋಡುವುದು. ನಿಧಾನವಾಗಿ ನಕ್ಷತ್ರ ಕಟ್ಟುವಲ್ಲಿ ಅದು ಸುಮಾರು ನಾಲ್ಕು ಪಟ್ಟು. ಇಕ್ಕಟ್ಟಿನಲ್ಲಿ ಒಮ್ಮೆಲೇ ಹುಟ್ಟಿಸುವಲ್ಲಿ ಇನ್ನೂ ಮೇಲೆ.

ನಮ್ಮಲ್ಲಿ ಏನಿದೆ? 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೊದ ಆಸ್ಟ್ರೊಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಕಟ್ಟಿದ ನೇರಳಾತೀತ ದೂರದರ್ಶಕವಿದೆ. ಹೆಮ್ಮೆಯ ಕೆಲಸವೇ. ಆದರೆ ದೂಳು ಮೊದಲು ನುಂಗುವುದು ಆ ಬೆಳಕನ್ನೇ. ಹೊಸಕೋಟೆಯಲ್ಲಿ ಕುಳಿತು ನಡೆಸುವ ಲಡಾಖಿನ ಹಾನ್ಲೆಯ ದೂರದರ್ಶಕಕ್ಕೆ ಸಮೀಪದ ಅವಕೆಂಪು ಸಿಗುತ್ತದೆ. ಕಾದ ದೂಳು ಸೂಸುವ, ಉದ್ದ ಅಲೆಯ ದೂರದ ಅವಕೆಂಪನ್ನು ಮಾತ್ರ ಗಾಳಿಯ ನೀರಾವಿ ತಡೆಯುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದಕ್ಕಾಗಿಯೇ ಹೈದರಾಬಾದಿನಿಂದ ಬಲೂನಿನಲ್ಲಿ 100 ಸೆಂ.ಮೀ. ದೂರದರ್ಶಕ ಹಾರಿಸುತ್ತಿತ್ತು. ಅಂದರೆ ಅನುಭವ ಇಲ್ಲದ ದೇಶವೇನಲ್ಲ ನಮ್ಮದು.

ಖರ್ಚಿನ ಮಾತು ಬಂದೇ ಬರುತ್ತದೆ. ದೂರದರ್ಶಕವನ್ನು ಕೊರೆಯುವ ಚಳಿಯಲ್ಲಿಡಬೇಕು, ನಿಜ. ಹರ್ಷಲ್ ಅನ್ನು ತಣ್ಣಗಿಡುತ್ತಿದ್ದ ಹೀಲಿಯಂ 2013ರಲ್ಲಿ ತೀರಿತು, ಅದರ ಕೆಲಸವೂ ನಿಂತಿತು. ಅದರ ಜಾಗ ಇನ್ನೂ ಖಾಲಿ ಇದೆ. ಸಣ್ಣದೇ ಇರಲಿ, ಒಂದು ಅವಕೆಂಪು ದೂರದರ್ಶಕವನ್ನು ಇಸ್ರೊ ಕೈಗೆತ್ತಿಕೊಳ್ಳಲಿ.