ನೋವಿಲ್ಲದಾಗಲೂ ಪರೀಕ್ಷೆ ಏಕೆ?

ಮಕ್ಕಳೇ, ಕಳೆದ ವಾರ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ನನಗೆ ಇಸಿಜಿ ತೆಗೆದರು. ಜೊತೆಗೆ ಬಂದಿದ್ದ ಮೊಮ್ಮಗಳು, "ತಾತ, ನಿಂಗೆ ಎದೆನೋವೇ ಇಲ್ವಲ್ಲ, ಮತ್ಯಾಕೆ ಇದು?" ಎಂದಳು.

ಅವಳಿಗೆ ಬ್ರೆಜಿಲ್ ದೇಶದ ಕಥೆ ಹೇಳಿದೆ. ಅಲ್ಲಿ ಮಣ್ಣಿನ ಗೋಡೆಯ ಬಿರುಕುಗಳಲ್ಲಿ ತಿಗಣೆಯಂಥ ಒಂದು ಕೀಟ ಅಡಗಿರುತ್ತದೆ. ರಾತ್ರಿ ಮಲಗಿದವರ ರಕ್ತ ಹೀರಿ ಅಲ್ಲೇ ಹಿಕ್ಕೆ ಹಾಕುತ್ತದೆ. ತುರಿಸಿಕೊಂಡರೆ ಹಿಕ್ಕೆಯಲ್ಲಿರುವ ಪರೋಪಜೀವಿ ಮೈಯೊಳಗೆ ಸೇರುತ್ತದೆ. 1909ರ ಏಪ್ರಿಲ್ 14ರಂದು ಕಾರ್ಲೋಸ್ ಚಾಗಸ್ ಎಂಬ ವೈದ್ಯರು ಬೆರೆನಿಸ್ ಎಂಬ ಪುಟ್ಟ ಹುಡುಗಿಯ ರಕ್ತದಲ್ಲಿ ಅದನ್ನು ಕಂಡರು. ರೋಗಕ್ಕೂ ಚಾಗಸ್ ಎಂದೇ ಹೆಸರಾಯಿತು.

ಸೋಂಕು ತಗುಲಿದವರು ಎಷ್ಟೋ ವರ್ಷ ಚೆನ್ನಾಗಿಯೇ ಇರುತ್ತಾರೆ. ಆದರೆ ಹತ್ತರಲ್ಲಿ ಸುಮಾರು ಮೂವರ ಹೃದಯ ಒಳಗೊಳಗೇ ಹಾಳಾಗುತ್ತದೆ. ಹೃದಯ ಬಡಿಯಲು ಬೇಕಾದ ವಿದ್ಯುತ್ತಿನ ದಾರಿಯಲ್ಲಿ ಅಡ್ಡಿಯಾದರೆ ಇಸಿಜಿಯ ಗೆರೆ ಬದಲಾಗುತ್ತದೆ. ರಕ್ತ ಒತ್ತುವ ಬಲ ಕುಗ್ಗಿದರೆ ಎಕೋ ಪರೀಕ್ಷೆಯಲ್ಲಿ ಕಾಣುತ್ತದೆ. ಅದಕ್ಕೇ ಸೋಂಕಿತರಿಗೆ ನೋವಿಲ್ಲದಿದ್ದರೂ ಆಗಾಗ ಇಸಿಜಿ ತೆಗೆಸಬೇಕು. ಬೇಗ ತಿಳಿದರೆ ಔಷಧಿಯೂ ಬೇಗ ಶುರುವಾಗುತ್ತದೆ.

ಆ ಕಾಯಿಲೆ ನಮ್ಮೂರಿನದಲ್ಲ. ಆದರೆ ಹೃದಯ ಎಲ್ಲರದೂ ಒಂದೇ ತಾನೇ?

ಮನೆಗೆ ಬಂದವಳೇ ಮೊಮ್ಮಗಳು ಅಡುಗೆಮನೆಗೆ ಓಡಿದಳು. "ಅಜ್ಜೀ, ನಿಂದು ಯಾವಾಗ ತೆಗೆಸೋದು?"